ಹೊರಕಡಲ ಗೀತೆಯ ಫೆಲೇತಿ

ಕಥೆಯಿಲ್ಲದೆ ಒಂದು ಗೀತೆಯನ್ನೂ ಎತ್ತಿಕೊಟ್ಟವನಲ್ಲ ಫೆಲೇತಿ. ಟೋಂಗಾದ ಹಾಪಾಯ್ ದ್ವೀಪಸಮೂಹದ ನಮ್ಮ ಚರ್ಚಿನಲ್ಲಿ ನಲವತ್ತು ವರ್ಷ ಗಾಯನಮಂಡಳಿಯನ್ನು ನಡೆಸಿದ ಆ ಸ್ಥೂಲಕಾಯದ ಮನುಷ್ಯ, ಎಡಗಾಲನ್ನು ಕೊಂಚ ಎಳೆಯುತ್ತ ಕರಿಹಲಗೆಯ ಬಳಿ ಬಂದು, ಸ್ವರದ ಅಂಕಿಗಳನ್ನು ಬರೆದು, ನಮ್ಮ ಕಡೆಯ ರೂಢಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ ಚಾಪೆಯನ್ನು ಮೇಲೆಳೆದುಕೊಂಡು, ಕೋಟಿನ ಒಂದೇ ಗುಂಡಿಯನ್ನು ಹಾಕುತ್ತ ತೆಗೆಯುತ್ತ, "ಇದು ಹುಟ್ಟಿದ್ದು ಹೇಗೆ ಅಂದ್ರೆ..." ಎಂದು ಶುರುಮಾಡಿದರೆ ಪಾದ್ರಿಗಳೂ ಗಡಿಯಾರ ನೋಡುವುದನ್ನು ಬಿಡುತ್ತಿದ್ದರು. ಕಥೆ ಮಾತ್ರ ಪ್ರತಿಸಲವೂ ಬೇರೆ. "ಹೋದ ವರ್ಷ ಬೇರೆ ಹೇಳಿದ್ರಲ್ಲ?" ಎಂದು ಯಾರಾದರೂ ಕೆಣಕಿದರೆ, "ಹೋದ ವರ್ಷ ನೀನೂ ಬೇರೆ ಇದ್ದೆ, ಸುಮ್ನೆ ಕೂತ್ಕೋ" ಎನ್ನುತ್ತಿದ್ದ.

ಹೊರಕಡಲ ಗೀತೆಯನ್ನು ಮೀನಿಗೆ ಹೋದ ಗಂಡನಿಗಾಗಿ ಹೆಂಡತಿಯೊಬ್ಬಳು ಕಟ್ಟಿದಳೆಂಬುದಷ್ಟೇ ಎಲ್ಲರಿಗೂ ಗೊತ್ತು. ಆ ಗಂಡ ನಲವತ್ತನೆಯ ದಿನ ಮರಳಿದನೆಂದು ಮದುವೆಗಳಲ್ಲಿ, ಮರಳಲೇ ಇಲ್ಲವೆಂದು ಸಾವಿನ ಮನೆಗಳಲ್ಲಿ ಫೆಲೇತಿ ಹೇಳುತ್ತಿದ್ದ. ಎರಡೂ ಕಡೆ ಕಣ್ಣೊರೆಸಿಕೊಳ್ಳುತ್ತಿದ್ದ, ಅದರಲ್ಲಿ ನಟನೆಯಿರಲಿಲ್ಲ.

ಒಂದು ಚಳಿಗಾಲ ಅವನ ತಮ್ಮನ ಮಗಳು ಲೂಪೆಯ ಗಂಡ ಮೊಸೇಸೆ ಕಡಲಿಗೆ ಹೋದವನು ಬರಲಿಲ್ಲ. ಒಡೆದ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಇಪ್ಪತ್ತಮೂರು ದಿನ ಕಳೆದರೂ ಲೂಪೆ ಸೂತಕದ ಹರಕು ಚಾಪೆ ಸುತ್ತಿಕೊಳ್ಳಲು ಒಪ್ಪಲಿಲ್ಲ. ಅವಳ ಮದುವೆಯಲ್ಲಿ ಕೇಳಿದ ಕಥೆಯಲ್ಲಿ ಗಂಡ ನಲವತ್ತನೆಯ ದಿನ ಮರಳಿದ್ದ. ಹೆಂಡತಿ ಸುತ್ತಿಕೊಳ್ಳದೆ ಆ ಮನೆಯವರು ಯಾರೂ ಸುತ್ತಿಕೊಳ್ಳುವಂತಿರಲಿಲ್ಲ.

ಮೊಸೇಸೆಯ ತಾಯಿ ವಾಸಿತಿ ಫೆಲೇತಿಯ ಅಂಗಳಕ್ಕೇ ಬಂದಳು. "ನೀನು ಹಿಡಿಸಿದ ಹುಚ್ಚು, ನೀನೇ ಬಿಡಿಸು. ಹೆತ್ತವಳು ನಾನು. ನಂಗೆ ಅಳೋಕೂ ಬಿಡ್ತಿಲ್ಲ ಅವಳು."

ಫೆಲೇತಿ ದಿನವಿಡೀ ತಬ್ಬಿಬ್ಬಾಗಿ ತಿರುಗಿದ. ತನಗೆ ಹಾಡು ಕಲಿಸಿದ ಮುದುಕ ಯಾವ ಕಥೆ ಹೇಳಿದ್ದ? ಗಂಡ ದಡ ಹತ್ತಿದ್ದು ಕೇಳಿದ ನೆನಪೋ, ತಾನೇ ಹೇಳಿ ಹೇಳಿ ಕಂಡಂತಾದದ್ದೋ? ಮರಳಲಿಲ್ಲವೆಂದರೆ ಹುಡುಗಿಯ ಎದೆ ಈಗಲೇ ಒಡೆಯುತ್ತದೆ. ಮರಳಿದನೆಂದರೆ ಇನ್ನು ಹದಿನೇಳು ದಿನಕ್ಕೆ ಒಡೆಯುತ್ತದೆ. ಏನೂ ಬಗೆಹರಿಯದೆ, ಸಂಜೆಗೆ ಅವಳ ಮನೆಗೆ ಹೋದ.

ಲೂಪೆ ಬಾಗಿಲಲ್ಲೇ ಕೂತಿದ್ದಳು. "ದೊಡ್ಡಪ್ಪ, ಆ ಹಾಡಿನವನು ವಾಪಸ್ ಬಂದ ತಾನೆ?"

"ಗೊತ್ತಿಲ್ಲ ಮಗಳೇ. ಎರಡು ಥರಾನೂ ಹೇಳ್ಬಿಟ್ಟಿದೀನಿ. ಯಾವುದು ನಿಜ ಅಂತ ನಂಗೇ ಗೊತ್ತಿಲ್ಲ."

"ಹಾಡು ಕಟ್ಟುವಾಗ ಅವಳಿಗೂ ಗೊತ್ತಿರ್ಲಿಲ್ಲ, ಅಲ್ವಾ? ಗೊತ್ತಿಲ್ದೇನೇ ಹಾಡಿದ್ಳು." ಎಂದಳು. ಆಮೇಲೆ, "ಅತ್ತೇನ ಕರೀರಿ. ಚಾಪೆ ತರ್ಲಿ."

ವಾಸಿತಿ ಬಂದು ಸೊಸೆಗೆ ಚಾಪೆ ಸುತ್ತಿದ ಮೇಲೆ ಹಾಡಲು ಫೆಲೇತಿ ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಗೀತೆಯನ್ನು ಎತ್ತಿಕೊಂಡದ್ದು ವಾಸಿತಿ.

ಹಾಡಿನ ಹಿಂದಿನ ಕಥೆ ಹೇಳುವ ಇಂಥವರು ಊರೂರಲ್ಲೂ ಇರುತ್ತಾರೆ. ಕೇಳುವವರ ಮುಖ ನೋಡಿ ಮುಳುಗಿದವರನ್ನು ದಡಕ್ಕೆ ತರುತ್ತಾರೆ, ದಡದಲ್ಲಿದ್ದವರನ್ನು ಮುಳುಗಿಸುತ್ತಾರೆ. ನಾವೂ ಅದನ್ನೇ ಬಯಸಿ ಅವರ ಮುಂದೆ ಕೂರುತ್ತೇವೆ. ತಮ್ಮ ಮಾತನ್ನೇ ನಂಬಿ ಒಬ್ಬಳು ದಿನ ಎಣಿಸುತ್ತಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಹೊಳೆದ ಮೇಲೆ ಅವರು ಮತ್ತೊಂದು ಕಥೆ ಹೇಳಿದ್ದನ್ನು ನಾವು ಕೇಳಿಲ್ಲ.