ಕುಣಿ ನೋಡಲಾಗಿದೆ

ಮೇ ತಿಂಗಳ ಅಡ್ಡಮಳೆಗೆ ಮುಖ ನೋಡಿ ಮಣೆ ಹಾಕುವ ಗುಣವಿಲ್ಲ. ಸಿರಸಂಗಿಯ ಆಚೆ, ಕರೆಂಟಿನ ಕಂಬವೇ ಕಾಣದ ಬೋಳು ಗುಡ್ಡದ ನೆತ್ತಿಯ ಮೇಲೆ, ಒಂದು ಕಲ್ಲಿನ ಕೋಣೆಯೊಳಗೆ ಶಂಕರೆಪ್ಪ ಸಿಕ್ಕಿಬಿದ್ದಿದ್ದ. ಜೊತೆಗೆ ಮಳೆಗೆ ಓಡಿ ಬಂದ ಕುರಿ ಕಾಯುವ ಮಾಯವ್ವ. ಇನ್ನೂ ಮಧ್ಯಾಹ್ನದ ಮೂರು ಗಂಟೆ, ಹೊರಗೆ ಮಾತ್ರ ಮುಚ್ಚಂಜೆಯ ಕತ್ತಲೆ. ಆಲಿಕಲ್ಲು ಕಟ್ಟಿಗೆಯ ಬಾಗಿಲಿಗೆ ಬಡಿಯುತ್ತಿತ್ತು.

ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹಳ್ಳ ಏರಿದರೆ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸುವ ವಾಯರ್‌ಲೆಸ್ ಪೆಟ್ಟಿಗೆ, ಅದಕ್ಕೆ ಸೋಲಾರ್ ಬ್ಯಾಟರಿ, ಮೇಲೆ ಮೂವತ್ತು ಅಡಿಯ ಕಬ್ಬಿಣದ ಕಂಬ. ತಿಂಗಳಿಗೊಮ್ಮೆ ಬಂದು ಇದನ್ನೆಲ್ಲ ನೋಡಿಕೊಳ್ಳುವುದು ಶಂಕರೆಪ್ಪನ ಕೆಲಸ. ಗುಡುಗು ಕೇಳಿದ್ದೇ ತಡ, ಕಂಬದ ಕೇಬಲ್ಲನ್ನೂ ಸೋಲಾರಿನ ತಂತಿಯನ್ನೂ ಪೆಟ್ಟಿಗೆಯಿಂದ ಕಿತ್ತು ಬೇರೆ ಮಾಡಿದ್ದ. ಇಪ್ಪತ್ತು ವರ್ಷದ ರೂಢಿ, ಕೈ ತಾನಾಗಿಯೇ ಮಾಡುತ್ತದೆ.

"ಹೆದರಬ್ಯಾಡ ಮಾಯವ್ವಾ," ಅಂದ. "ಸಿಡಲು ಕಂಬಕ್ಕ ಬಡದ್ರೂ ಹಿಂದಿನ ಗ್ವಾಡಿಗುಂಟ ತಾಮ್ರದ ಪಟ್ಟಿ ಐತಿ. ಅದರಾಗ ಇಳದು ಕೆಳಗಿನ ಕುಣಿ ಸೇರತೈತಿ."

ಮಾಯವ್ವ ನೆಲ ನೋಡುತ್ತ ಹೇಳಿದಳು, "ಈಗ ಕುಣಿಗೆ ಹೋಗೂದಿಲ್ರಿ ಸಾಹೇಬ್ರ."

ಆ ಗುಡ್ಡ ಪೂರ್ತಿ ಬಂಡೆ. ಸಿಡಿಲನ್ನು ಹೀರಿಕೊಳ್ಳುವ ಮಣ್ಣು ನಲವತ್ತು ಮಾರು ಕೆಳಗೆ ಒಂದೇ ಕಡೆ ಇದೆ. ಅಲ್ಲಿ ಕುಣಿ ತೋಡಿ, ಉಪ್ಪು ಇದ್ದಿಲು ತುಂಬಿ, ಪಟ್ಟಿಯ ತುದಿಯನ್ನು ಬಿಗಿದಿದ್ದರು. ಮೆತ್ತಗಿನ ನೆಲವೆಂದು ಮಾಯವ್ವನ ಗಂಡ ಬೀರಪ್ಪ ಕುರಿಗಳನ್ನು ತರುಬಿ ನಿಲ್ಲಿಸುತ್ತಿದ್ದುದೂ ಅಲ್ಲಿಯೇ. ಹೋದ ವರ್ಷ ಅವನು ಕೊಟ್ಟ ರೊಟ್ಟಿ ತಿನ್ನುತ್ತ, ಶಂಕರೆಪ್ಪ ಬಹಳ ತಿಳಿದವನ ಹಾಗೆ ಇದನ್ನೆಲ್ಲ ವಿವರಿಸಿದ್ದ.

"ಸಿಡಲು ಆ ಕುಣಿಗೇ ಬರತೈತಿ ಅಂತ ನೀವ ಹೇಳಿದ್ರಿ. ನಮ್ಮ ಕುರಿ ಇರೂದು ಅಲ್ಲೇ. ಹೋಳಿ ಹುಣ್ಣಿವಿ ದಿನ ನಮ್ಮ ಮನಿಯವ್ರು ನಟ್ಟು ಬಿಚ್ಚಿ, ಪಟ್ಟಿ ಸುತ್ತಿ ತಂದು ಈ ಹಿಂದಿನ ಗ್ವಾಡಿ ಬುಡಕ್ಕ ಇಟ್ರು. ಕದ್ದಿಲ್ರಿ, ಒಂದು ಗೇಣೂ ಕಡದಿಲ್ಲ. ನಿಮ್ಮ ಸಿಡಲು ನಿಮ್ಮ ಹತ್ರಾನ ಇರ್ಲಿ ಅಂತ ಅಷ್ಟ."

ಶಂಕರೆಪ್ಪನ ಕಣ್ಣು ಗೋಡೆಯ ಗೂಡಿನಲ್ಲಿದ್ದ ತಪಾಸಣೆಯ ಪುಸ್ತಕದ ಕಡೆ ಹೋಯಿತು. ಹೋಳಿಯ ನಂತರ ಅವನು ಎರಡು ಸಲ ಬಂದಿದ್ದ. ಎರಡೂ ಸಲ ಪುಸ್ತಕದಲ್ಲಿ ಬರೆದಿದ್ದ: 'ಕುಣಿ ನೋಡಲಾಗಿದೆ, ಸರಿ ಇದೆ.' ಕೆಳಗೆ ಇಳಿದಿರಲಿಲ್ಲ, ಹಿಂದಿನ ಗೋಡೆಗೂ ಸುತ್ತು ಬಂದಿರಲಿಲ್ಲ. ಮೊಣಕಾಲು ನೋವು ಸುಳ್ಳಲ್ಲ, ಆದರೆ ಸಹಿ ಮಾಡಿದ್ದು ಮೊಣಕಾಲಲ್ಲ.

ಈಗ ಸಿಡಿಲು ಬಡಿದರೆ ಗೋಡೆಯ ಬುಡದಲ್ಲೇ ಹೊರಬಿದ್ದು ಒದ್ದೆ ಬಂಡೆಯ ಮೇಲೆಲ್ಲ ಹರಡುತ್ತದೆ. ಈ ಹೊತ್ತಿನಲ್ಲಿ ಹೋಗಿ ಆ ಪಟ್ಟಿ ಮುಟ್ಟುವುದೂ ಒಂದೇ, ಯಮನ ಕೈ ಕುಲುಕುವುದೂ ಒಂದೇ. ಒಳಗೆ ಇರುವುದಕ್ಕೂ ಧೈರ್ಯವಿಲ್ಲ. ಅತ್ತ ದರಿ, ಇತ್ತ ಪುಲಿ. ಬ್ಯಾಟರಿಯ ಕೆಳಗಿದ್ದ ಕಟ್ಟಿಗೆ ಹಲಗೆಯನ್ನು ಎಳೆದು ನಡುವೆ ಹಾಕಿದ. ಇಬ್ಬರೂ ಗೋಡೆಗೆ ತಾಗದಂತೆ, ಕಾಲು ಜೋಡಿಸಿಕೊಂಡು ಅದರ ಮೇಲೆ ಕುಕ್ಕರಗಾಲಲ್ಲಿ ಕುಳಿತರು.

ಆಗ ಹಿಂದಿನ ಗೋಡೆಯಾಚೆ ಗಂಟೆಯ ಸಪ್ಪಳ ಕೇಳಿತು. ಮಳೆ ಮುಂದಿನಿಂದ ಹೊಡೆಯುತ್ತಿತ್ತು. ಒಡತಿಯ ಜಾಡು ಹಿಡಿದು ಮೇಲೆ ಬಂದ ಕುರಿಗಳು ಗೋಡೆಯ ಮರೆಗೆ, ಪಟ್ಟಿಯ ಸುರುಳಿಯ ಹತ್ತಿರವೇ ಒತ್ತಿ ನಿಂತಿದ್ದವು.

ಮಾಯವ್ವ ಎದ್ದಳು. "ಬಾಗಲಾ ತಗೀರಿ. ಆ ಕಡೆ ಹೊಡದು ಬರತೇನಿ."

"ಹೋದ್ರ ನೀ ತಿರುಗಿ ಬರೂದಿಲ್ಲ."

"ಮಕ್ಕಳಂಗ ಸಾಕೇನ್ರಿ. ತಗೀರಿ ಯಪ್ಪಾ."

ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವಳು ಅಂಗಿ ಹಿಡಿದು ಜಗ್ಗಿದಳು, ಅತ್ತಳು, ಅವನ ಮುಂಗೈ ಪರಚಿ ರಕ್ತ ಬರಿಸಿದಳು. ಅವನು ಕದಲಲಿಲ್ಲ. ತನ್ನಿಂದ ಕುರಿ ಹೋಗುವುದಾದರೆ ಹೋಗಲಿ, ಇವಳು ಹೋಗಬಾರದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಬಾಗಿಲ ಸಂದಿಯೆಲ್ಲ ಬೆಳ್ಳಗಾಯಿತು. ಮಿಂಚು, ಗುಡುಗು ಎಂದು ಬೇರೆ ಬೇರೆ ಇರಲಿಲ್ಲ. ಕಲ್ಲಿನ ಗೋಡೆ ನಡುಗಿತು, ಸುಟ್ಟ ಉಣ್ಣೆಯ ವಾಸನೆ ಒಳಗೆ ಬಂತು. ಆಮೇಲೆ ಗೋಡೆಯಾಚೆ ಗಂಟೆ ಕೇಳಲಿಲ್ಲ.

ಮಳೆ ನಿಂತ ಮೇಲೆ ಶಂಕರೆಪ್ಪ ಅಗುಳಿ ತೆಗೆದ. ಹಿಂದೆ, ಸುರುಳಿಯ ಸುತ್ತ, ಹನ್ನೊಂದು ಕುರಿ ಒಂದರ ಮೇಲೊಂದು ಬಿದ್ದಿದ್ದವು. ಉಳಿದವು ದೂರ ಚದುರಿ ನಡುಗುತ್ತಿದ್ದವು. ಕೆಳಗೆ ಕುಣಿಯ ಸುತ್ತಲಿನ ನೆಲ ಖಾಲಿ ಇತ್ತು. ಪಟ್ಟಿ ಅಲ್ಲೇ ಇದ್ದಿದ್ದರೆ ಇವತ್ತು ಒಂದು ಮರಿಯೂ ಸಾಯುತ್ತಿರಲಿಲ್ಲ.

ಒಳಗೆ ಬಂದು ರೂಢಿಯ ಮೇಲೆ ತಂತಿ ಜೋಡಿಸಿದ. ಪೆಟ್ಟಿಗೆಯ ಹಸಿರು ದೀಪ ಏನೂ ಆಗದವರ ಹಾಗೆ ಹತ್ತಿತು. ಅದನ್ನು ಒಡೆದು ಹಾಕುವಷ್ಟು ಸಿಟ್ಟು ಬಂತು ಅವನಿಗೆ.

ಮಾಯವ್ವ ಒಳಗೆ ಬಂದವಳೇ ಅವನ ಕಾಲಿಗೆ ಬಿದ್ದಳು. "ನಾವ ತಂದಿಟ್ವಿ, ನಾವ ಕೊಂದ್ವಿ. ನೀವು ತಡೀಲಿಲ್ಲಂದ್ರ ನಾನೂ ಅಲ್ಲೇ ಬಿದ್ದಿರತಿದ್ನಿ ಯಪ್ಪಾ. ನಿಮ್ಮ ಉಪಕಾರ ಹೆಂಗ ತೀರಸ್ಲಿ?"

ಅವನು ಕಾಲು ಹಿಂದಕ್ಕೆ ತೆಗೆಯಲು ನೋಡಿದ. ಹಿಂದೆ ಗೋಡೆ. ಪಕ್ಕದ ಗೂಡಿನಲ್ಲಿ ಪುಸ್ತಕವಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಏಳವ್ವಾ," ಅಂದ. "ಹೋಳಿ ಆದಮ್ಯಾಲೆ ನಾ ಎರಡು ಸರ್ತಿ ಬಂದೇನಿ. ಒಮ್ಮೆನೂ ಕೆಳಗ ಇಳದಿಲ್ಲ. ನೋಡೇನಂತ ಸುಳ್ಳು ಬರದೇನಿ. ನೋಡಿದ್ರ ಅವತ್ತ ಗೊತ್ತಾಗತಿತ್ತು."

ಮಾಯವ್ವ ತಲೆ ಎತ್ತಿ ಅವನನ್ನು ನೋಡಿದಳು. ಆಮೇಲೆ ಅವನ ಪಾದದ ಮೇಲಿದ್ದ ಕೈಗಳನ್ನು ತೆಗೆದು, ಸೆರಗಿಗೆ ಒರೆಸಿಕೊಂಡು, ಹೊರಗೆ ಹೋದಳು.