ಯುಗಾದಿಯ ಕಂಬಳಿ

ಸರ್ಕಾರದ ಕಾನೂನೆಂದರೆ ಕೃಷ್ಣಪ್ಪನಿಗೆ ರೇಡಿಯೋದ ವಾರ್ತೆಯಷ್ಟೆ. ಕೇಳಬೇಕು, ಆಮೇಲೆ ಎದ್ದು ಆಳುಗಳಿಂದ ದನ ಕಟ್ಟಿಸಲು ಹೋಗಬೇಕು. ಜೀತ ರದ್ದಾಯಿತೆಂದು ದಿಲ್ಲಿಯವರು ಹೇಳಿ ಎಂಟೊಂಬತ್ತು ವರ್ಷವಾಗಿತ್ತು. ಮಲ್ಲತ್ತಹಳ್ಳಿ ಕೆರೆಯಾಚೆಯ ಅವನ ಪುಟ್ಟ ಊರಿನಲ್ಲಿ ಮಾತ್ರ ಯುಗಾದಿ ಅಮಾವಾಸ್ಯೆಯ ದಿನ ಯಜಮಾನ ಹೊಸ ಕಂಬಳಿ ತಂದು ಆಳಿನ ಹೆಗಲಿಗೆ ಹಾಕುವುದು ನಿಂತಿರಲಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಕಂಬಳಿ ಹೆಗಲಿಗೆ ಬಿತ್ತೆಂದರೆ ಮುಂದಿನ ಯುಗಾದಿಯವರೆಗೆ ಆ ಮನುಷ್ಯ ಆ ಮನೆಯ ಸೊತ್ತು. ಸಹಿ ಬೇಡ, ಹೆಬ್ಬೆಟ್ಟು ಬೇಡ.

ಕೃಷ್ಣಪ್ಪನೂ ಅಂಥ ಯಜಮಾನರಲ್ಲೊಬ್ಬ. ಅವನ ತಂಗಿ ವೆಂಕಟಲಕ್ಷ್ಮಮ್ಮ ಅವನ ಮನೆಯಲ್ಲೇ ಇದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು. ವಿಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದಳು. ಅಣ್ಣನ ಅನ್ನ ತಿನ್ನುತ್ತಾ ಅಣ್ಣನನ್ನೇ ದ್ವೇಷಿಸುವುದು ಸುಲಭದ ಕೆಲಸವಲ್ಲ. ಅವಳು ಅದನ್ನು ಹಲ್ಲು ಕಚ್ಚಿಕೊಂಡು ಮಾಡುತ್ತಾ ಬಂದಿದ್ದಳು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅಂಜಿನಯ್ಯ ಹೆಂಡತಿ ಚಿಕ್ಕಗಂಗಮ್ಮನೊಂದಿಗೆ ಊರು ಬಿಟ್ಟು ಓಡಿಹೋದ. ಅಪ್ಪ ಮಾಡಿದ ಸಾಲಕ್ಕಾಗಿ ಚಿಕ್ಕಂದಿನಿಂದ ಕೃಷ್ಣಪ್ಪನ ಮನೆಯಲ್ಲಿ ದುಡಿದು ಗಡ್ಡ ನರೆತವನು ಅವನು. ಇವನನ್ನು ನೋಡಿ ಉಳಿದ ಆಳುಗಳೂ ತಲೆ ಎತ್ತುತ್ತಾರೆಂದು ಕೃಷ್ಣಪ್ಪ ಅರಳಿಕಟ್ಟೆಯಲ್ಲಿ ಯಜಮಾನರನ್ನು ಸೇರಿಸಿದ. ಓಡಿಹೋದ ಆಳನ್ನು ಯಾರೇ ಕಂಡರೂ ಹಿಡಿದು ತರಬೇಕು, ತರದವರ ಮನೆಗೆ ಬೆಂಕಿ ನೀರು ಬಂದ್ ಎಂದು ಕಟ್ಟುಪಾಡಾಯಿತು.

ಪಕ್ಕದ ಹೊಲದ ದೊಡ್ಡಣ್ಣ ಯಾರ ತಂಟೆಗೂ ಹೋಗುವವನಲ್ಲ. ಅವನಿಗೂ ರೇಗಿತು.

"ನಿನ್ ಆಳು ಓಡೋದ್ರೆ ನಾನ್ಯಾಕಪ್ಪಾ ಹಿಡ್ಕೊಂಡ್ ಬರ್ಬೇಕು? ನಾನೇನು ನಿನ್ ಮನೆ ಕಾಯೋ ನಾಯಾ?"

"ಹಿಡೀದಿದ್ರೆ ನಿಂಗೂ ಬಾವಿ ನೀರಿಲ್ಲ, ಅಷ್ಟೆ" ಎಂದ ಕೃಷ್ಣಪ್ಪ. ದೊಡ್ಡಣ್ಣ ಬಾಯಿ ಮುಚ್ಚಿದ. ಬಾಯಿ ಮುಚ್ಚಿದವರೆಲ್ಲ ಒಪ್ಪಿದವರೆಂದು ತಿಳಿಯುವುದು ಯಜಮಾನರ ಹಳೇ ರೋಗ.

ಆ ವಾರ ಒಂಬತ್ತನೇ ಕ್ಲಾಸಿಗೆ ಅಮೆರಿಕದ ಅಂತರ್ಯುದ್ಧದ ಪಾಠವಿತ್ತು. ವರ್ಜೀನಿಯಾದಲ್ಲಿ ಗುಲಾಮರು ದಂಗೆ ಎದ್ದದ್ದು, ಬೆದರಿದ ಒಡೆಯರು ಅವರಿಗೆ ಅಕ್ಷರ ಕಲಿಸುವುದನ್ನೂ ಅಪರಾಧ ಮಾಡಿದ್ದು, ಕೊನೆಗೆ ಓಡಿಹೋದವರನ್ನು ಹಿಡಿದುಕೊಡಬೇಕೆಂದು ಗುಲಾಮಗಿರಿ ಇಲ್ಲದ ಉತ್ತರದ ಜನರ ಮೇಲೂ ಕಾನೂನು ಹೇರಿದ್ದು, ಎಲ್ಲವನ್ನೂ ವೆಂಕಟಲಕ್ಷ್ಮಮ್ಮ ಹೇಳಿದಳು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಕಾನೂನು ಬಿಗಿಯಾದ್ಮೇಲೆ ಜಗಳ ಕಮ್ಮಿ ಆಗ್ಬೇಕಲ್ವಾ ಮಿಸ್?"

"ಅಲ್ಲೀತಂಕ ಅದು ದಕ್ಷಿಣದೋರ ಮನೆ ವಿಷ್ಯ ಅಂತ ಸುಮ್ನಿದ್ದೋರ ಕೈಗೂ ಹಗ್ಗ ಕೊಟ್ರು ಕಣೇ, ನೀನೂ ಕಟ್ಟು ಅಂತ. ಹಗ್ಗ ಕೈಗೆ ಬಂದ್ಮೇಲೆ ಯಾರಿಗೂ ಸುಮ್ನಿರೋಕಾಗ್ಲಿಲ್ಲ. ಯಾವ್ದಾದ್ರೂ ಒಂದ್ ಕಡೆ ನಿಲ್ಲಲೇಬೇಕಾಯ್ತು."

ಹೇಳುವಾಗ ಅವಳ ಕಣ್ಣ ಮುಂದೆ ದೊಡ್ಡಣ್ಣನ ಮುಖವಿತ್ತು. ತಾನು ಯಾವ ಕಡೆ ನಿಂತಿದ್ದೇನೆಂದು ಕೇಳಿಕೊಂಡಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಂಜಿನಯ್ಯ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಬಾಪೂಜಿ ನಗರದ ಒಂದು ಸಾಮಿಲ್ಲಿನ ಮುಂದೆ ಚಿಕ್ಕಗಂಗಮ್ಮ ಮರದ ಹೊಟ್ಟು ತುಂಬುತ್ತಿದ್ದುದನ್ನು ಬಸ್ಸಿನಿಂದ ನೋಡಿದ್ದಳು. ಅಮಾವಾಸ್ಯೆಯ ದಿನ ಸ್ಕೂಲು ಬಿಟ್ಟವಳೇ, ಅಣ್ಣ ಹುಡುಕುತ್ತಿದ್ದಾನೆಂದು ಎಚ್ಚರಿಸಲು ಅಲ್ಲಿಗೆ ಹೊರಟಳು. ಬರಿಗೈಯಲ್ಲಿ ಓಡಿದವರು, ಹಾಸಿಕೊಳ್ಳಲಾದರೂ ಆಗಲಿ ಎಂದು ದಾರಿಯಲ್ಲಿ ಒಂದು ಕಂಬಳಿ ಕೊಂಡಳು. ಓದಿದ ತಲೆಗೆ ಕಂಬಳಿ ಬಿಟ್ಟು ಇನ್ನೇನೂ ಹೊಳೆಯಲಿಲ್ಲ ನೋಡಿ! ಒಡೆಯರ ಮನೆಯ ಕೈ ಅದು. ಆಳಿಗೆ ಕೊಡುವುದೆಂದರೆ ಕಂಬಳಿ ಎಂದೇ ಅದಕ್ಕೆ ರೂಢಿ.

ಅವಳ ಕಂಕುಳಲ್ಲಿ ಕಂಬಳಿ ಕಂಡದ್ದೇ ತಡ, ಅಂಜಿನಯ್ಯ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟ.

"ಅದನ್ನ ಹತ್ರ ತರ್ಬೇಡಿ ಅಮ್ಮಾವ್ರೇ. ನೀವೂ ಇದಕ್ಕೇನಾ ಬಂದಿದ್ದು?"

"ಅಯ್ಯೋ, ಅದಕ್ಕಲ್ಲ ಕಣೋ..."

ಮಾತು ಮುಗಿಯುವ ಮೊದಲೇ ಗೇಟಿನಲ್ಲಿ ಆಟೋ ನಿಂತಿತು. ಕೃಷ್ಣಪ್ಪ ಇಳಿದ, ಹಿಂದೆ ಊರಿನ ವೆಂಕಟಸ್ವಾಮಿ, ಬಲವಂತಕ್ಕೆ ಬಂದ ದೊಡ್ಡಣ್ಣ. ತಂಗಿಯ ಮೇಲೆ ಅನುಮಾನವಿದ್ದ ಅಣ್ಣ ಸ್ಕೂಲಿನಿಂದಲೇ ಅವಳ ಬೆನ್ನು ಹತ್ತಿದ್ದ. ಬಂದವನೇ ಅವಳ ಕೈಯಿಂದ ಕಂಬಳಿ ಕಿತ್ತು ಅಂಜಿನಯ್ಯನ ಹೆಗಲಿಗೆ ಎಸೆದ. ಗರಗಸ ನಿಂತಿತು, ಕೆಲಸದವರು ಸುತ್ತ ನೆರೆದರು.

"ಬಿತ್ತಲ್ಲ, ನೋಡಿದ್ರಲ್ಲ ಇಬ್ರೂ. ನಡಿಯೋ ಮನೆಗೆ."

ವೆಂಕಟಸ್ವಾಮಿ ಹೂಂಗುಟ್ಟಿದ. ಅಂಜಿನಯ್ಯ ಕಂಬಳಿಯನ್ನು ಕೊಡವಲಿಲ್ಲ. ಬದುಕಿಡೀ ಹೊತ್ತ ಭಾರಕ್ಕೆ ಹೆಗಲು ತಾನಾಗಿಯೇ ಬಗ್ಗಿತ್ತು. ಅದನ್ನು ನೋಡಿ ವೆಂಕಟಲಕ್ಷ್ಮಮ್ಮ ಅಣ್ಣನಿಗೆ ಎದುರು ನಿಂತಳು.

"ಆ ಕಂಬಳಿ ನಂದು. ನನ್ ಸಂಬಳದಲ್ಲಿ ತಂದಿದ್ದು. ಅದನ್ನ ಹಾಕೋಕೆ ನೀನ್ಯಾರು?"

ಕೃಷ್ಣಪ್ಪ ನಕ್ಕ. "ನಿಂದಾದ್ರೆ ಇವ್ನು ನಿನ್ನಾಳು. ನೀನು ಯಾರ ಮನೇಲಿದೀಯೇ? ನನ್ ಮನೆಯೋಳ ಆಳು ಅಂದ್ರೆ ನನ್ನಾಳೇ ಕಣೇ."

ಈ ತರ್ಕಕ್ಕೆ ವೆಂಕಟಸ್ವಾಮಿ ಮತ್ತೆ ಹೂಂಗುಟ್ಟಿದ. ಅವಳಿಗೆ ಉಳಿದದ್ದು ಒಂದೇ ಮಾತು. ಅದನ್ನಾಡಿದರೆ ತವರಿನ ಬಾಗಿಲು ಮುಚ್ಚುತ್ತದೆಂದು ಗೊತ್ತಿದ್ದೇ ಆಡಿದಳು.

"ನಾನು ನಿನ್ ಮನೆಯೋಳಲ್ಲ. ಈ ಗಳಿಗೆಯಿಂದ ನಿನ್ ಹೊಸಲು ತುಳಿಯಲ್ಲ. ನನಗೆ ಆಳಿಲ್ಲ, ಅಣ್ಣನೂ ಇಲ್ಲ."

"ಸಾಯಿ, ಹೋಗು. ದೊಡ್ಡಣ್ಣ, ಹಿಡ್ಕೋ ಅವ್ನ ರಟ್ಟೆ."

ದೊಡ್ಡಣ್ಣ ಅಲುಗಲಿಲ್ಲ. "ನಾನೇನೂ ನೋಡಿಲ್ಲ" ಎಂದ. "ಕಂಬಳಿ ಬಿದ್ದಿದ್ದೂ ನೋಡಿಲ್ಲ. ನಿನ್ ಬಾವಿ ನೀರು ನೀನೇ ಕುಡ್ಕೋ."

ಕೃಷ್ಣಪ್ಪ ತಾನೇ ಮುಂದೆ ಬಂದ. ಚಿಕ್ಕಗಂಗಮ್ಮ ಮರದ ರೀಪು ಎತ್ತಿಕೊಂಡು ಗಂಡನ ಮುಂದೆ ನಿಂತಳು. ಕೆಲಸದವರೂ ಒಬ್ಬೊಬ್ಬರಾಗಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಕೃಷ್ಣಪ್ಪ ಉಗಿದು ಆಟೋ ಹತ್ತಿದ.

ತನಗೆ ಕೃತಜ್ಞತೆಯ ಒಂದು ನೋಟವಾದರೂ ಸಿಕ್ಕೀತೆಂದು ವೆಂಕಟಲಕ್ಷ್ಮಮ್ಮನಿಗೆ ಆಸೆಯಿತ್ತು. ಅಂಜಿನಯ್ಯ ಕಂಬಳಿಯನ್ನು ಅವಳ ಕಾಲ ಬಳಿ ಹಾಕಿದ.

"ಅವ್ರಿಗೆ ದಾರಿ ತೋರ್ಸಿದ್ದು ನೀವೇ ಅಮ್ಮಾವ್ರೇ. ಇನ್ನು ನಾವು ಬೇರೆ ಕಡೆ ಹೋಗ್ಬೇಕು. ಎಲ್ಲಿಗೆ ಅಂತ ಕೇಳ್ಬೇಡಿ."

ಅವಳು ದೊಡ್ಡಣ್ಣನಿಗೆ ಹೇಳಿ, ಅತ್ತಿಗುಪ್ಪೆಯಲ್ಲಿದ್ದ ಜೊತೆಯ ಟೀಚರ್ ಇಂದ್ರಮ್ಮನ ಮನೆಗೆ ಹೋದಳು. ಮಾರನೆಯ ದಿನ, ಹಬ್ಬದ ಹೊತ್ತಿಗೆ, ದೊಡ್ಡಣ್ಣ ಸುದ್ದಿ ತಂದ. ಸಾಮಿಲ್ಲಿನ ಸಂಗತಿ ತಿಳಿದು ಅಮಾವಾಸ್ಯೆಯ ಸಂಜೆಯೇ ಊರಿನ ಆಳುಗಳಲ್ಲಿ ಒಬ್ಬನೂ ಕಂಬಳಿಗೆ ಹೆಗಲು ಕೊಡಲಿಲ್ಲವಂತೆ. ಯಜಮಾನರು ಅವರ ಗುಡಿಸಲು ಕಿತ್ತರಂತೆ. ಯಜಮಾನರ ಹುಲ್ಲಿನ ಬಣವೆಗಳು ಉರಿದವಂತೆ. ಊರು ಎರಡಾಗಿ ಹೊಡೆದಾಡಿಕೊಂಡು ಎರಡೂ ಕಡೆಯವರು ಆಸ್ಪತ್ರೆ ಸೇರಿದ್ದಾರಂತೆ.

"ನಿಮ್ಮಣ್ಣನ ತಲೆ ಒಡ್ದಿದೆ ಕಣಮ್ಮ. ಉಳೀತಾನೋ ಇಲ್ವೋ. ಬಂದ್ ನೋಡ್ಕೊಂಡ್ ಹೋಗು."

ವೆಂಕಟಲಕ್ಷ್ಮಮ್ಮ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

"ಆಳುಗಳಲ್ಲಿ ಎಷ್ಟ್ ಜನಕ್ಕೆ ಏಟು ಬಿದ್ದಿದೆ, ಅದನ್ನ ಹೇಳಣ್ಣ" ಎಂದಳು.