ಹಗುರಾದ ಚೀಲ

ಯಾರ ಮನೇಲಿ ಏನು ನಡೀತಿದೆ ಅಂತ ನನ್ನ ಕೈಗೆ ಗೊತ್ತಾಗುತ್ತೆ. ಇಪ್ಪತ್ತು ವರ್ಷದಿಂದ ಇದೇ ಬೀದಿಗಳ ಕಸ ಎತ್ತಿದ್ದೀನಿ. ಚೀಲ ಎತ್ತಿದರೆ ಸಾಕು, ಬಿಚ್ಚೋದೇ ಬೇಡ. ಆ ರೋಗ ಬಂದು ಊರೆಲ್ಲ ಬಾಗಿಲು ಹಾಕ್ಕೊಂಡಾಗ ಎಲ್ಲರ ಚೀಲಾನೂ ಭಾರ ಆಯ್ತು. ಗಾಜಿನ ಭಾರ. ಮಾಸ್ಕಿಲ್ಲದೆ ಆಚೆ ಕಾಲಿಡದ ದೊಡ್ಡಮನುಷ್ಯರ ಚೀಲವೂ ಗಲಗಲ ಅಂತಿತ್ತು. ಕುಡಿದು ಹಾಳಾಗಲಿ, ನನಗೇನು ಅಂದ್ಕೊಂಡೆ.

ಆದರೆ ಹನ್ನೊಂದನೇ ನಂಬರಿನ ಮನೆ ನನ್ನ ತಮ್ಮಂದು. ಒಬ್ಬನೇ ಇದ್ದ. ಅವನ ಕಟಿಂಗ್ ಶಾಪ್ ಮುಚ್ಚಿಸಿದ ಮೇಲೆ ಚೀಲದಲ್ಲಿ ವಾರಕ್ಕೆರಡು ಬಾಟ್ಲಿ, ಆಮೇಲೆ ದಿನಕ್ಕೊಂದು. ಯಾರ ಮನೆಯೊಳಗೂ ಹೋಗಬಾರದು ಅಂತ ನಮಗೆ ಕಟ್ಟಪ್ಪಣೆ. ಅದಕ್ಕೆ ಬೀದೀಲೇ ನಿಂತು ಉಗಿದು ಉಪ್ಪು ಹಾಕಿದೆ. ಅಮ್ಮನ ಹೊಟ್ಟೆ ಉರಿಸ್ತೀಯಲ್ಲೋ, ನಾಚಿಕೆ ಆಗಲ್ವಾ ಅಂತ. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು.

"ಇನ್ನೊಂದು ಬಾಟ್ಲಿ ನನ್ನ ಕೈಗೆ ಸಿಕ್ಕಿದರೆ, ನಾನು ನಿನ್ನ ಅಕ್ಕನೇ ಅಲ್ಲ."

"ಆಯ್ತಕ್ಕ," ಅಂದ.

ಮಾರನೇ ದಿನದಿಂದ ಚೀಲ ಹಗುರ. ಅಮ್ಮಂಗೆ ಫೋನ್ ಮಾಡಿ ಬೀಗಿದೆ, ನನ್ನ ಬಾಯಿಗೆ ಹೆದರಿ ಬಿಟ್ಟ ನೋಡು ಅಂತ. ಬ್ರೆಡ್ಡಿನ ಕವರು, ಮೊಟ್ಟೆ ಸಿಪ್ಪೆ ಕೂಡ ಇಲ್ಲ ಅನ್ನೋದು ಗೊತ್ತಾಗಬೇಕಿತ್ತು. ಖುಷೀಲಿ ಗೊತ್ತೇ ಆಗಲಿಲ್ಲ.

ತಿಂಗಳಾದ ಮೇಲೆ ಎರಡು ದಿನ ಚೀಲವೇ ಇರಲಿಲ್ಲ. ಅಪ್ಪಣೆ ಮಣ್ಣುಪಾಲಾಗಲಿ ಅಂತ ಬಾಗಿಲು ದೂಡಿದೆ. ಗೋಡೆ ಕಡೆ ತಿರುಗಿ ಮಲಗಿದ್ದ. ಮೈ ತಣ್ಣಗಾಗಿತ್ತು, ಮುಖ ಹಳದಿ.

ರೋಗ ಅಲ್ಲ, ಕುಡಿದು ಲಿವರ್ ಹೋಗಿದೆ, ಈ ತಿಂಗಳು ನಮ್ಮಲ್ಲಿ ಇಂಥದ್ದು ಒಂಬತ್ತನೇದು ಅಂದರು ಡಾಕ್ಟರು. ಪಕ್ಕದ ಮನೆಯಾಕೆ, ಸದ್ಯ, ಆ ರೋಗ ಅಲ್ವಂತಲ್ಲ ಅಂದಳು. ಹೂಂ ಅಂದೆ. ಜಗಳ ಆಡೋಕೂ ತ್ರಾಣ ಇರಲಿಲ್ಲ.

ಮನೆ ಖಾಲಿ ಮಾಡುವಾಗ ಮಂಚದ ಕೆಳಗೆ ಕೈ ಹಾಕಿದೆ. ಬಾಟ್ಲಿಗಳು. ಬೀರುವಿನಲ್ಲೂ, ಅಟ್ಟದ ಮೇಲೂ. ತೊಳೆದು, ಸದ್ದಾಗದ ಹಾಗೆ ಒಂದೊಂದನ್ನೂ ಅಂಗಡಿಯ ಬಿಳಿ ಟವಲಿನಲ್ಲಿ ಸುತ್ತಿಟ್ಟಿದ್ದ. ಪಾಪಿ ಮುಂಡೇದು, ಕುಡಿಯೋದು ಬಿಡೋಕಾಗಲಿಲ್ಲ, ಅಕ್ಕನ್ನೂ ಬಿಡೋಕಾಗಲಿಲ್ಲ. ಬಯ್ಯೋ ಬದಲು ಅವತ್ತೇ ಒಳಗೆ ಹೋಗಿ ಒಂದು ಗಳಿಗೆ ಅವನ ಪಕ್ಕ ಕೂತಿದ್ದರೆ ಆಗ್ತಿತ್ತು.

ಆರು ಚೀಲ ಆಯ್ತು. ಕಸದ ಗಾಡಿಯ ಜೊತೆಗಾರ ಕೈ ಹಾಕೋಕೆ ಬಂದ, ಬೇಡ ಅಂದೆ. ಒಂದೊಂದಾಗಿ ನಾನೇ ಹೊತ್ತು ಗಾಡಿಗೆ ಹಾಕಿದೆ.